ಕರಿ ಕೋಟು, ಕಂಚಿನ ಕಂಠ

ಸೋದರಿಯರೇ, "ಹಾಡಿದ್ರೆ ಹೊಟ್ಟೆ ತುಂಬುತ್ತಾ?" ಅನ್ನೋ ಮಾತನ್ನು ನಮ್ಮ ಶಿಕಾರಿಪುರ, ಸೊರಬದ ಕಡೆಯ ಮನೆಗಳಲ್ಲಿ ಕೇಳದವರು ಯಾರಿದ್ದಾರೆ ಹೇಳಿ! ಮಗುವಿಗೆ ಒಳ್ಳೇ ಕಂಠವಿದೆ ಅಂದರೆ ಮೊದಲು ಹೆಮ್ಮೆ. ಪಿಯುಸಿ ಮುಗಿಯುತ್ತಲೇ ಭಯ. ಇಂಥ ಮನೆಗಳಿಗೆ ನಾನು ಹೇಳುವುದು ಶಿವಮೊಗ್ಗ ಸುಬ್ಬಣ್ಣನವರ ಕಥೆ.

ಅವರು ಹುಟ್ಟಿದ್ದು 1938ರಲ್ಲಿ, ಹೊಸನಗರ ತಾಲೂಕಿನ ನಗರದಲ್ಲಿ. ಕೆಳದಿ ಅರಸರ ಬಿದನೂರು ಅಂದರೆ ಇದೇ ಊರು. ಹೆತ್ತವರಿಟ್ಟ ಹೆಸರು ಸುಬ್ರಹ್ಮಣ್ಯ. ಬಿ.ಎ., ಬಿ.ಕಾಂ., ಅದರ ಮೇಲೆ ಎಲ್‌ಎಲ್‌.ಬಿ. ಓದಿ ವಕೀಲರಾದರು. ಹಗಲು ಕರಿ ಕೋಟು, ಕಕ್ಷಿದಾರರ ಕಾಗದಪತ್ರ; ಉಳಿದ ಹೊತ್ತು ಹಾಡು. 1963ರಲ್ಲಿ ಆಕಾಶವಾಣಿ ಕಲಾವಿದರಾದರು. ಆಕಾಶವಾಣಿ ಅಂದ್ರೆ ಸುಮ್ಮನೆ ಹೋಗಿ ಮೈಕಿನ ಮುಂದೆ ನಿಲ್ಲುವುದಲ್ಲ ಕಣ್ರೀ. ಧ್ವನಿ ಪರೀಕ್ಷೆ ಮಾಡಿ ದರ್ಜೆ ಕೊಡ್ತಾರೆ, ದರ್ಜೆಗೆ ತಕ್ಕಂತೆ ಸಂಭಾವನೆ. ನೆಂಟರ ಚಪ್ಪಾಳೆಗೂ ಈ ಪರೀಕ್ಷೆಗೂ ಬಹಳ ಅಂತರ.

ಕುವೆಂಪು, ಬೇಂದ್ರೆಯವರ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿದ ಗಾಯಕರಲ್ಲಿ ಸುಬ್ಬಣ್ಣನವರದು ದೊಡ್ಡ ಹೆಸರು. ಆದರೆ ನನ್ನ ಕಿವಿಗೆ ಅವರು ನಿಜವಾಗಿ ಒಗ್ಗಿದ್ದು ಶಿಶುನಾಳ ಶರೀಫರ ಪದಗಳಲ್ಲಿ. ಶರೀಫರು (1819–1889) ನಮಗೆ ದೂರದವರಲ್ಲ. ಸೊರಬ ದಾಟಿ ಹಾನಗಲ್ಲಿನ ಕಡೆ ಹೋದರೆ ಮುಂದೆ ಶಿಗ್ಗಾವಿ ತಾಲೂಕು, ಅಲ್ಲೇ ಶಿಶುನಾಳ. ಮುಸ್ಲಿಂ ಮನೆಯ ಹುಡುಗ, ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯ. ಅವರೂ ಕೆಲಕಾಲ ಕನ್ನಡ ಶಾಲೆಯ ಮೇಷ್ಟ್ರಾಗಿದ್ದವರೇ!

ತತ್ವಪದಕ್ಕೆ ಬೇಕಾದ ವಾದ್ಯ ಎಷ್ಟು? ಒಂದು ಏಕತಾರಿ, ಒಂದು ದಮ್ಮಡಿ, ತಾಳ. ಏಕತಾರಿಗೆ ಹೆಸರೇ ಹೇಳುವ ಹಾಗೆ ಒಂದೇ ತಂತಿ. ಅದು ರಾಗ ನುಡಿಸುವುದಿಲ್ಲ. ಹಾಡುಗಾರನ ಕಾಲ ಕೆಳಗಿನ ನೆಲದ ಹಾಗೆ ಒಂದೇ ಶ್ರುತಿ ಹಿಡಿದು, ಲಯ ಕೊಡುತ್ತಾ ನಿಲ್ಲುತ್ತೆ. ಈಗಿನ ಆರ್ಕೆಸ್ಟ್ರಾದಲ್ಲಿ ಹಿಂದೆ ನಿಂತು ಒಬ್ಬ ಹುಡುಗ ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸ್ತಾನಲ್ಲ, ಅವನದೂ ಹೆಚ್ಚುಕಡಿಮೆ ಇದೇ ಕೆಲಸ. ಯಾರೂ ಅವನನ್ನು ನೋಡುವುದಿಲ್ಲ, ಅವನು ನಿಲ್ಲಿಸಿದರೆ ಮಾತ್ರ ಹಾಡು ಬೋಳಾಗುತ್ತೆ. (ಅಡುಗೆಮನೆಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕೇ?) ನುಡಿಸುವವರ ವಿಚಾರಕ್ಕೆ ಬಂದರೆ ನಮ್ಮ ಶಿಕಾರಿಪುರ ತಾಲೂಕೇನೂ ಕಡಿಮೆಯಲ್ಲ, ಬಳ್ಳಿಗಾವಿಯ ಅಲ್ಲಮಪ್ರಭು ಮೊದಲು ಮದ್ದಳೆ ಬಾರಿಸುವವನಾಗಿದ್ದ ಅಂತ ಹರಿಹರನ ರಗಳೆ ಹೇಳುತ್ತೆ.

ಸುಬ್ಬಣ್ಣನವರ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು 'ಕಾಡು ಕುದುರೆ'ಯಿಂದ. ಚಂದ್ರಶೇಖರ ಕಂಬಾರರ ಚಿತ್ರ, ಅವರದೇ ಸಾಹಿತ್ಯ. ಜಾನಪದದ ಮಟ್ಟಿನ ಆ ಶೀರ್ಷಿಕೆ ಗೀತೆಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೂ ಮುಂಚೆ 'ಹಂಸಗೀತೆ' ಕನ್ನಡ ಚಿತ್ರಕ್ಕೆ ಹಾಡಿ ಬಾಲಮುರಳಿಕೃಷ್ಣ ಅವರು ಇದೇ ಪ್ರಶಸ್ತಿ ಪಡೆದಿದ್ದರು, ಆದರೆ ಅವರು ಆಂಧ್ರದವರು. ಹಿನ್ನೆಲೆ ಗಾಯನಕ್ಕೆ ಅದನ್ನು ತಂದ ಮೊದಲ ಕನ್ನಡಿಗ ನಮ್ಮ ಜಿಲ್ಲೆಯ ಈ ವಕೀಲರೇ.

ಈಗ ಸ್ವಲ್ಪ ಲೆಕ್ಕ ಹಾಕಿ. ರೇಡಿಯೋಗೆ ಸೇರಿದಾಗ ಇಪ್ಪತ್ತೈದು, ಪ್ರಶಸ್ತಿ ಬಂದಾಗ ನಲವತ್ತರ ಆಸುಪಾಸು. ನಡುವಿನ ಹದಿನೈದು ವರ್ಷ ಮನೆಗೆ ಅಕ್ಕಿ ಬೇಳೆ ತಂದದ್ದು ಯಾವುದು? ಕರಿ ಕೋಟು ಅನ್ನೋದು ನನ್ನ ಊಹೆ. ಅದರ ಮೇಲೆ ಹಾಡು ಯಾರ ಮುಲಾಜೂ ಇಲ್ಲದೆ ಬೆಳೆಯಿತು. ಟಿವಿ ಸ್ಪರ್ಧೆಯಲ್ಲಿ ಹತ್ತು ವಾರಕ್ಕೆ ಹೆಸರು ಮಾಡುವ ಮಕ್ಕಳನ್ನು ನೋಡಿ ಮನಸೋತ ತಾಯಂದಿರು ಈ ಹದಿನೈದು ವರ್ಷವನ್ನು ಮಗನಿಗೂ, ಮಗನ ಮೇಲೆ ಸಿಟ್ಟಾದ ಯಜಮಾನರಿಗೂ ಒಟ್ಟಿಗೆ ಕೂರಿಸಿ ಹೇಳಿ. ಇಬ್ಬರಿಗೂ ಅದರಲ್ಲಿ ಪಾಲಿದೆ.

ಹೆಣ್ಣುಮಕ್ಕಳ ಮಾತು ಬೇರೆ, ಅಲ್ವೇ? ಮದುವೆ ಗೊತ್ತಾಗುತ್ತಲೇ ಹಾರ್ಮೋನಿಯಂ ಅಟ್ಟ ಸೇರುವ ಮನೆಗಳು ಇನ್ನೂ ಇವೆ. ಸುಬ್ಬಣ್ಣನವರ ಮನೆಯಲ್ಲಿ ಹಾಗಾಗಲಿಲ್ಲ. ಗಾಯಕಿ ಅರ್ಚನಾ ಉಡುಪ ಅವರ ಸೊಸೆ. ಸೊಸೆಯಾಗಿ ಬಂದ ಮೇಲೂ ವೇದಿಕೆಯಲ್ಲಿ ಹಾಡುತ್ತಲೇ ಬಂದಿದ್ದಾರೆ. ನನಗಂತೂ ಆ ರಾಷ್ಟ್ರಪ್ರಶಸ್ತಿಯಷ್ಟೇ ದೊಡ್ಡದು ಇದು. ಹೆಣ್ಣು ಕೊಡುವಾಗ ಸೈಟು, ಸಂಬಳ ವಿಚಾರಿಸುವ ನಾವು "ನಮ್ಮ ಹುಡುಗಿ ಹಾಡ್ತಾಳೆ, ಮುಂದುವರಿಸಬಹುದಾ?" ಅಂತ ಬಾಯಿಬಿಟ್ಟು ಕೇಳಿದರೆ ತಪ್ಪೇನು?

ಸುಬ್ಬಣ್ಣನವರಿಗೆ ಕುವೆಂಪು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಎಂಬತ್ತಮೂರು ವರ್ಷ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೊಬೈಲಿನಲ್ಲಿ 'ಕಾಡು ಕುದುರೆ' ಹಾಕಿ ಕೇಳಿ. ಸ್ವಲ್ಪ ಜೋರಾಗೇ ಇಡಿ, ಮೇಲಿನ ಸ್ಥಾಯಿಗೆ ಅವರ ಕಂಠ ಏರುವಾಗ ಪಕ್ಕದ ಮನೆಯವರಿಗೂ ಕೇಳಿಸಲಿ.