ಒಸಾಕಾದ ದೋತೊಂಬೊರಿಯಲ್ಲಿ ತಿಂಡಿ ಸವಿ

ಜಪಾನ್ ಪ್ರವಾಸ ಹೊರಟವರು ಒಸಾಕಾದ ದೋತೊಂಬೊರಿಯನ್ನು ತಪ್ಪಿಸಬಾರದು. 1615ರಲ್ಲಿ ಪೂರ್ಣಗೊಂಡ ಕಾಲುವೆಯ ದಂಡೆಯ ಈ ಪೇಟೆ ರಾತ್ರಿಯ ದೀಪಗಳಲ್ಲಿ ಝಗಮಗಿಸುತ್ತದೆ. ತಿಂದೇ ದಿವಾಳಿಯಾಗುವುದಕ್ಕೆ ಇಲ್ಲಿ ‘ಕುಯಿದಾವೊರೆ’ ಎಂಬ ಮಾತೇ ಇದೆ.

1930ರ ದಶಕದಲ್ಲಿ ಒಸಾಕಾದಲ್ಲೇ ಹುಟ್ಟಿದ ತಾಕೊಯಾಕಿ ಮೊದಲ ಆಯ್ಕೆ. ನಮ್ಮ ಗುಳಿಯಪ್ಪದ ಕಾವಲಿಯಂತಹ ಕಾವಲಿಗೆ ಹಿಟ್ಟು ಹೊಯ್ದು, ಆಕ್ಟೋಪಸ್ ತುಂಡು ಹಾಕಿ ಕಡ್ಡಿಯಿಂದ ತಿರುವುತ್ತಾರೆ. ಅವಸರಪಟ್ಟರೆ ನಾಲಗೆ ಸುಡುವುದು ಖಂಡಿತ. ಎಲೆಕೋಸಿನ ಒಕೊನೊಮಿಯಾಕಿ ದಪ್ಪ ದೋಸೆಯಂತೆ. ಕಡ್ಡಿಗೆ ಚುಚ್ಚಿ ಕರಿದ ಕುಶಿಕತ್ಸುವನ್ನು ಎಲ್ಲರಿಗಾಗಿ ಇಟ್ಟ ಸಾಸ್‌ನಲ್ಲಿ ಒಮ್ಮೆ ಮಾತ್ರ ಅದ್ದಬೇಕು; ಕಚ್ಚಿದ ಮೇಲೆ ಮತ್ತೆ ಅದ್ದುವಂತಿಲ್ಲ.

ಶಾಕಾಹಾರಿಗಳಿಗೊಂದು ಎಚ್ಚರಿಕೆ: ಆಕ್ಟೋಪಸ್, ಮಾಂಸ ಬೇಡವೆಂದರೆ ಸಾಲದು. ಹಿಟ್ಟಿಗೆ ಮೊಟ್ಟೆಯ ಜತೆ ‘ದಾಶಿ’ ಎಂಬ ಮೀನಿನ ಸಾರು ಬೆರೆಸುವುದೇ ವಾಡಿಕೆ. ಮೇಲೆ ಉದುರಿಸುವುದೂ ಒಣಮೀನಿನ ಎಸಳು. ಕೇಳಿಯೇ ಬಾಯಿಗಿಡುವುದು ಒಳಿತು.