ಎರಡು ತೆನೆಯಿಂದ ಬದುಕಿದ ಕೆಂಪು ಜೋಳದ ವಿಸ್ಕಿ

ವಿಸ್ಕಿ ಅಂತ ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರುವುದರಲ್ಲಿ ಬಹುಪಾಲು ಕಾಕಂಬಿಯ ಸ್ಪಿರಿಟ್ಟೇ. ಅಮೆರಿಕದ ಬರ್ಬನ್ ವಿಸ್ಕಿಯ ಲೆಕ್ಕ ಬೇರೆ. ಅಲ್ಲಿನ ಕಾನೂನಿನಂತೆ ಅದಕ್ಕೆ ಹಾಕುವ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮುಸುಕಿನ ಜೋಳ, ಅಂದರೆ ತೆಲುಗಿನ ಮೊಕ್ಕಜೊನ್ನ, ಇರಲೇಬೇಕು. ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಣ್ಣ, ಸೆಂಟು ಬೆರೆಸುವಂತಿಲ್ಲ.

ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಪಕ್ಕದಲ್ಲಿ ಜೇಮ್ಸ್ ಐಲೆಂಡ್ ಅಂತ ಒಂದು ದ್ವೀಪ. ಅಲ್ಲಿ ಕಳ್ಳಭಟ್ಟಿ ಇಳಿಸುವವರಿಗೆ 'ಜಿಮ್ಮಿ ರೆಡ್' ಎಂಬ ರಕ್ತಗೆಂಪು ನಾಟಿ ಜೋಳವೇ ಬೇಕಾಗಿತ್ತು. ಕಾಲ ಕಳೆದಂತೆ ಅದನ್ನು ಬೆಳೆಯುವವರು ಇಲ್ಲವಾದರು. ಈ ಶತಮಾನದ ಆರಂಭದ ಹೊತ್ತಿಗೆ ಎರಡೇ ತೆನೆ ಉಳಿದಿದ್ದವಂತೆ. ಟೆಡ್ ಚ್ಯೂನಿಂಗ್ ಎಂಬ ರೈತರು ಆ ಬೀಜ ಬಿತ್ತಿ ಹೆಚ್ಚಿಸಿದರು. 2014ರಲ್ಲಿ ಹೈ ವೈರ್ ಡಿಸ್ಟಿಲರಿಯ ಸ್ಕಾಟ್ ಬ್ಲ್ಯಾಕ್‌ವೆಲ್, ಆ್ಯನ್ ಮಾರ್ಷಲ್ ದಂಪತಿ ಎರಡೂವರೆ ಎಕರೆಯಲ್ಲಿ ಅದನ್ನು ಬೆಳೆಸಿ, ಬೇರೆ ಧಾನ್ಯ ಸೇರಿಸದೆ ಬರ್ಬನ್ ಇಳಿಸಿದರು.

ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನೊಬ್ಬ ಆ ಬಾಟ್ಲಿ ತಂದಿದ್ದ. ಜತೆಗೊಂದು ಮಾಮೂಲಿ ಬರ್ಬನ್ನೂ ಇತ್ತು. ಎರಡನ್ನೂ ಬೇರೆ ಬೇರೆ ಲೋಟಕ್ಕೆ ಬಿಟ್ಟು, ಮೊದಲು ಮೂಸಿ, ಆಮೇಲೆ ನಾಲ್ಕು ಹನಿ ನೀರು ಹಾಕಿ ರುಚಿ ನೋಡಿದೆ. ಮಾಮೂಲಿಯದರಲ್ಲಿ ಮುಂದೆ ಬಂದದ್ದು ಪೀಪಾಯಿ. ವೆನಿಲಾ, ಸುಟ್ಟ ಸಕ್ಕರೆಯ ವಾಸನೆ. ಕೆಂಪು ಜೋಳದ್ದರಲ್ಲಿ ಕಾಳೇ ಮುಂದೆ. ಹುರಿದ ಕಡ್ಲೆಕಾಯಿಯ ಘಮ, ಹಿಂದೆಯೇ ಬೆಲ್ಲದ ಸಿಹಿ. ನಾಲಿಗೆ ಮೇಲೆ ಎಣ್ಣೆಯಂಗೆ ಕೂರುತ್ತದೆ. ಗಂಟಲಲ್ಲಿ ಖಾರ ಉಂಟು, ಕೊರೆತ ಇಲ್ಲ. ಕೊರತೆ ಹೇಳಲೇಬೇಕಂದ್ರೆ ಕೊನೆಯಲ್ಲಿ ಮರದ ಒಗರು ಒಂದಿಷ್ಟು ಜಾಸ್ತಿ. ಬೆಲೆಯೂ ರೈತನ ಜೇಬಿಗೆ ಎಟುಕದು. ನೂರಕ್ಕೆ ಎಂಬತ್ತು ಕೊಡುತ್ತೇನೆ.

ನನಗೆ ರುಚಿಗಿಂತ ಹಿಡಿಸಿದ್ದು ಅದರ ವ್ಯಾಪಾರ. ಈ ಜೋಳ ಹೈಬ್ರಿಡ್‌ನಷ್ಟು ಇಳುವರಿ ಕೊಡುವುದಿಲ್ಲ. ಆದರೂ ರೈತರು ಹಾಕುತ್ತಾರೆ, ಯಾಕಂದ್ರೆ ಆ ರುಚಿಗೇ ದುಡ್ಡು ಕೊಡುವ ಗಿರಾಕಿ ಇದ್ದಾನೆ. ನಾವು ಮೊಕ್ಕಜೊನ್ನ ಮಂಡಿಗೆ ಒಯ್ದರೆ ತೇವ ಎಷ್ಟು, ತೂಕ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಕೋಳಿ ಮೇವಿಗೆ ಹೋಗುವ ಕಾಳಿನ ರುಚಿ ಯಾರಿಗೆ ಬೇಕು?

ಆದರೆ ನಮ್ಮ ಕೊರಲೆ ನೋಡಿ, ತೆಲುಗಿನಲ್ಲಿ ಅಂಡುಕೊರ್ರಲು. ತುಮಕೂರು, ಮಡಕಶಿರಾ ಕಡೆಯ ಮಳೆ ನಂಬಿದ ಹೊಲಗಳಲ್ಲಿ ಮೂಲೆಗೆ ಬಿದ್ದಿದ್ದ ಕಾಳು. ಸಿರಿಧಾನ್ಯ ಕೇಳುವವರು ಹುಟ್ಟಿಕೊಂಡ ಮೇಲೆ ಅದು ಬೆಂಗಳೂರಿನ ಅಂಗಡಿಗಳನ್ನೂ ಸೇರಿತು. ಬೀಜ ಉಳಿಸುವುದು ರೈತನ ಕೈ, ಅದನ್ನು ಹೊಲದಲ್ಲಿ ನಿಲ್ಲಿಸುವುದು ವರ್ತಕನ ತಕ್ಕಡಿ. ಮಂಡಿಯ ಅಣ್ಣಂದಿರು ನಾಟಿ ಕಾಳಿಗೆ ಬೇರೆ ಚೀಲ, ಬೇರೆ ದರ ಇಟ್ಟು ನೋಡಲಿ. ಎರಡೇ ತೆನೆ ಉಳಿಯುವ ತನಕ ಕಾಯುವುದು ಬೇಡ.