ನಡುವಯಸ್ಸಿನ ವಿದ್ಯಾರ್ಥಿಗಳು

ಹೊಲಿಗೆಯನ್ನೋ ಯಂತ್ರಗಳ ದುರಸ್ತಿಯನ್ನೋ ಕಲಿಸುವ ತರಬೇತಿ ಕೇಂದ್ರಕ್ಕೆ ನಲವತ್ತರ ಗೃಹಿಣಿಯೊಬ್ಬರು ಅರ್ಜಿ ಹಿಡಿದು ಹೊರಟರೆ, "ಈ ವಯಸ್ಸಿನಲ್ಲಿ ಇನ್ನೇನು ಪಾಠ?" ಎಂದು ಕೇಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹೀಗೆ ಕೇಳುವ ಮುನ್ನ, ವಯಸ್ಕರು ಕಲಿಯಲು ಏಕೆ ಬರುತ್ತಾರೆಂಬುದನ್ನು ನಾವು ಅರಿಯುವುದು ಒಳಿತು.

ಅಮೆರಿಕದ ಶಿಕ್ಷಣ ತಜ್ಞ ಸಿರಿಲ್ ಹೂಲ್ ಅವರು ಕಲಿಕೆಯನ್ನು ಬಿಡದೆ ಮುಂದುವರಿಸಿದ್ದ 22 ಮಂದಿ ವಯಸ್ಕರನ್ನು ಸಂದರ್ಶಿಸಿ, 1961ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮೂರು ಬಗೆಯ ಪ್ರೇರಣೆಗಳನ್ನು ಗುರುತಿಸಿದರು. ಕೆಲವರಿಗೆ ನಿರ್ದಿಷ್ಟ ಗುರಿಯಿರುತ್ತದೆ. ಕೆಲವರು ಜನರ ಒಡನಾಟವನ್ನು ಬಯಸಿ ಬರುತ್ತಾರೆ. ಇನ್ನು ಕೆಲವರಿಗೆ ಕಲಿಕೆಯೇ ಆನಂದ. ವೃತ್ತಿ ತರಬೇತಿಗೆ ಬರುವವರದು ಸಂಪಾದನೆಯ ಗುರಿಯೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ವರ್ಷಗಟ್ಟಲೆ ಅಡುಗೆಮನೆಯಲ್ಲೇ ಉಳಿದವರಿಗೆ, ಇದ್ದ ಕೆಲಸವನ್ನು ಕಳೆದುಕೊಂಡವರಿಗೆ, ನಾಲ್ಕು ಜನರ ನಡುವೆ ಕುಳಿತು ಕಲಿಯುವುದೇ ಆತ್ಮಗೌರವವನ್ನು ಮರಳಿ ಪಡೆಯುವ ದಾರಿಯೂ ಆಗಬಲ್ಲುದು.

ನಮ್ಮ ಜಿಲ್ಲೆಯ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟ್ ಹಾಗೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು ಈ ಹಾದಿಯಲ್ಲಿ ಮೈಲಿಗಲ್ಲು. ಅಲ್ಲಿ ತರಬೇತಿ ಉಚಿತ. ಊಟ, ವಸತಿಯೂ ಉಚಿತ. ಇದೇ ಮಾದರಿಯನ್ನು ಕೇಂದ್ರ ಸರಕಾರವು 2009ರಲ್ಲಿ ದೇಶಕ್ಕೆಲ್ಲ ವಿಸ್ತರಿಸಲು ಮುಂದಾಯಿತು.

ಶುಲ್ಕವಿಲ್ಲವೆಂದ ಮಾತ್ರಕ್ಕೆ ಎಲ್ಲರಿಗೂ ಬರಲು ಸಾಧ್ಯವೇ? ದಿನಗೂಲಿಯವನಿಗೆ ತರಗತಿಯ ಪ್ರತಿದಿನವೂ ಕೂಲಿಯ ನಷ್ಟ. 2023ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ಅವಧಿಗೆ ದಿನಕ್ಕೆ 500 ರೂಪಾಯಿ ಭತ್ಯೆಯನ್ನು ಗೊತ್ತುಪಡಿಸಿರುವುದು ಈ ಕಷ್ಟಕ್ಕೆ ಒಂದು ಉತ್ತರ.

ಆದರೆ ಯಾವ ಯೋಜನೆಯೂ ನೀಗಿಸಲಾರದ ಅಡ್ಡಿಗಳು ಮನೆಯೊಳಗಿವೆ. ಎಳೆಯರೊಡನೆ ಬೆಂಚಿನಲ್ಲಿ ಕೂರುವ ಸಂಕೋಚ, ಎಂದೋ ಶಾಲೆಯಲ್ಲಿ ಸೋತ ನೆನಪು, ಬಂಧುಗಳ ನಗೆಮಾತು, ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವವರಾರೆಂಬ ಚಿಂತೆ. ಇವುಗಳನ್ನು ನೀಗಿಸಬೇಕಾದವರು ನಾವೇ. ತಾಯಿ ತರಗತಿಗೆ ಹೋದ ದಿನ ತಂದೆ ಒಲೆಯ ಮುಂದೆ ನಿಲ್ಲಲಿ. ತಂದೆ ಕಲಿಯಲು ಹೊರಟಾಗ ಬೆಳೆದ ಮಕ್ಕಳು ಅರ್ಜಿ ತುಂಬಿಕೊಡಲಿ. ಕಲಿಯುವ ಆಸೆ ಅವರಲ್ಲಿ ಆಗಲೇ ಇದೆ. ಅವರು ನಮ್ಮಿಂದ ಬಯಸುವುದು, "ಹೋಗಿ ಬನ್ನಿ, ಮನೆಯನ್ನು ನಾವು ನೋಡಿಕೊಳ್ಳುತ್ತೇವೆ" ಎಂಬ ಒಂದು ಮಾತನ್ನು.